ಬೇಲಿಯಾಚೆಯ ಹೆಪ್ಪು

"ಹೋದ ವರ್ಷ ಒಟ್ಟು ಎಷ್ಟಾಯಿತು?" ಎಂದು ಬೇಲಿಯಾಚೆಯಿಂದ ಅಜ್ಜ ಕೇಳಿದಾಗ ನಾನು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದೆ. ಬೇರೆ ಯಾರಾದರೂ ಕೇಳಿದ್ದರೆ ಸಂಬಳದ ಲೆಕ್ಕವೋ ಶುಗರ್ ರಿಪೋರ್ಟಿನ ಅಂಕಿಯೋ ಎಂದು ಯೋಚಿಸಬೇಕಿತ್ತು. ಈ ಅಜ್ಜನದು ಒಂದೇ ಲೆಕ್ಕ: ಮನೆಯಲ್ಲಿ ಎಷ್ಟು ಸಲ ಬಿಯರ್ ಮಾಡಿದೆ ಎನ್ನುವುದು.

"ಏಳು" ಅಂದೆ.

"ಅದರಲ್ಲಿ ಕುಡಿಯೋ ಹಾಗಿದ್ದದ್ದು?"

"ನಾಲ್ಕು." ಅವರು ನನ್ನನ್ನೇ ನೋಡುತ್ತಿದ್ದರು. "ಮೂರೂವರೆ" ಅಂದೆ.

ಇದು ಕೊಲರಾಡೊದ ಲಾಂಗ್‌ಮಾಂಟ್ ಎಂಬ ಊರು. ಹಿತ್ತಲಲ್ಲಿ ನಿಂತರೆ ಪಶ್ಚಿಮಕ್ಕೆ ಲಾಂಗ್ಸ್ ಪೀಕ್ ಕಾಣುತ್ತದೆ, ಪೂರ್ವಕ್ಕೆ ಅಜ್ಜನ ಗ್ಯಾರೇಜು. ಮಲೆನಾಡಿನಲ್ಲಿ ಮಿಡಿ ಉಪ್ಪಿನಕಾಯಿಯ ಮಾತು ತೆಗೆದರೆ ಹೇಗೆ ಪ್ರತಿ ಮನೆಯವರಿಗೂ ತಮ್ಮದೇ ಒಂದು ಅಭಿಪ್ರಾಯ ಇರುತ್ತದೋ ಹಾಗೆ ಈ ಸೀಮೆಯಲ್ಲಿ ಬಿಯರಿನ ಮಾತು. ಊರಿನ ಲೆಫ್ಟ್ ಹ್ಯಾಂಡ್ ಬ್ರೂವರಿಯನ್ನು 1993ರಲ್ಲಿ ಶುರುಮಾಡಿದ್ದು ಮನೆಯಲ್ಲಿ ಬಿಯರ್ ಮಾಡಿ ಕೈ ಪಳಗಿಸಿಕೊಂಡಿದ್ದ ಇಬ್ಬರು ಸ್ನೇಹಿತರು. ಉತ್ತರಕ್ಕೆ ಹೋದರೆ ಸಿಗುವ ಫೋರ್ಟ್ ಕಾಲಿನ್ಸಿನ ನ್ಯೂ ಬೆಲ್ಜಿಯಂ ಕೂಡ 1991ರಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲೇ ಕಣ್ಣು ಬಿಟ್ಟದ್ದು. ಇಂಥ ಕಡೆ ಬಂದು ನೆಲೆಸಿದ ಮೇಲೆ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಆರು ವರ್ಷದ ಕೆಳಗೆ ನಾನೂ ಒಂದು ದೊಡ್ಡ ಸ್ಟೀಲ್ ಪಾತ್ರೆ ತಂದೆ.

ಆಗ ಊರಿನಲ್ಲಿ ಸುದ್ದಿ ಹಬ್ಬಿದ್ದೇ ಬೇರೆ ರೀತಿ. ಚಿಕ್ಕಪ್ಪ ಫೋನ್ ಮಾಡಿ ಮೊದಲು ಕೇಳಿದ್ದು, "ಏನ್ಲಾ, ಅಮೆರಿಕಕ್ಕೆ ಹೋಗಿ ಕಳ್ಳಬಟ್ಟಿ ಕಾಯಿಸ್ತಿದ್ದೀಯಂತೆ?" ಬಟ್ಟಿ ಇಳಿಸುವುದು ಬೇರೆ, ಬಿಯರ್ ಹುದುಗಿಸುವುದು ಬೇರೆ ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಗಂಟಲೊಣಗಿತು. ಅವರ ತಪ್ಪೇನಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಎರಡರಲ್ಲಿ ಯಾವುದನ್ನು ಮಾಡಿದರೂ ಪೊಲೀಸರು ಬರುತ್ತಾರೆ. ಇಲ್ಲಿಯೂ ಬಹಳ ಕಾಲ ಹೆಚ್ಚುಕಡಿಮೆ ಹಾಗೇ ಇತ್ತು. 1933ರಲ್ಲಿ ಪಾನನಿಷೇಧ ತೆಗೆದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಬಿಟ್ಟರು, ಬಿಯರನ್ನು ಮಾತ್ರ ಬಿಡಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ದಾರಿ ಸಲೀಸಾಯಿತು. ಅದೂ ಕೇಂದ್ರದ ಕಾನೂನಿನ ಮಟ್ಟಿಗೆ. ಮಿಸಿಸಿಪಿ, ಅಲಬಾಮದವರು 2013ರವರೆಗೂ ಬಾಗಿಲು ಹಾಕಿಕೊಂಡೇ ಇದ್ದರು. ಬಟ್ಟಿ ಇಳಿಸುವುದಕ್ಕೆ ಕಾರ್ಟರ್ ಸಾಹೇಬರ ಸಹಿಯೂ ಅವಕಾಶ ಕೊಡಲಿಲ್ಲ. ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳಿದೆ. "ಸರಿ ಬಿಡು, ಅವ್ವಂಗೆ ಹೇಳಕ್ಕೋಗಲ್ಲ" ಅಂದು ಫೋನ್ ಇಟ್ಟರು. ಅಂದರೆ ಏನೂ ಅರ್ಥವಾಗಿರಲಿಲ್ಲ.

ಆ ಕಾನೂನಿನಲ್ಲಿ ಒಂದು ಮಿತಿ ಇದೆ. ಮನೆಯಲ್ಲಿ ಇಬ್ಬರು ವಯಸ್ಕರಿದ್ದರೆ ವರ್ಷಕ್ಕೆ 200 ಗ್ಯಾಲನ್ ಮಾಡಬಹುದು, ಹತ್ತಿರ ಹತ್ತಿರ 757 ಲೀಟರ್. ನಾವೆಲ್ಲ ಒಂದು ಸಲಕ್ಕೆ ಮಾಡುವುದು ಐದು ಗ್ಯಾಲನ್, ಅಂದರೆ 19 ಲೀಟರ್. ಆರು ವರ್ಷದ ಹಿಂದೆ ಮೊದಲನೇ ಜನವರಿಯಲ್ಲಿ ನಾನು ಕುಳಿತು ಭಾಗಾಕಾರ ಮಾಡಿದ್ದು ಈಗಲೂ ನೆನಪಿದೆ: ನಲವತ್ತು ಸಲ ಮಾಡಬಹುದು! ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತು ಶನಿವಾರಗಳಿಗೆ ಸುತ್ತು ಹಾಕಿದ್ದೆ. ಆ ವರ್ಷ ಆದದ್ದು ಮೂರು. ಆಮೇಲಿನ ವರ್ಷ ಗುರಿ ಇಪ್ಪತ್ತಕ್ಕೆ ಇಳಿಯಿತು. ಅದರ ಮುಂದಿನ ವರ್ಷ ಹನ್ನೆರಡು ಬಗೆ, ತಿಂಗಳಿಗೊಂದು. ಜನವರಿಯಲ್ಲಿ ಸ್ಟೌಟ್, ಫೆಬ್ರವರಿಯಲ್ಲಿ ಗೋಧಿಯದು, ಮಾರ್ಚಿನಲ್ಲಿ ಬೆಲ್ಜಿಯಂ ಸನ್ಯಾಸಿಗಳ ರೀತಿಯದು. ಏಪ್ರಿಲ್‌ನಲ್ಲಿ ನಾನೇ ಸನ್ಯಾಸಿ. ಆರಂಭಶೂರತ್ವಕ್ಕೆ ಪದಕ ಕೊಡುವ ಪದ್ಧತಿ ಇದ್ದಿದ್ದರೆ ನಮ್ಮ ಮನೆಯಲ್ಲಿ ಶೋಕೇಸು ಸಾಲುತ್ತಿರಲಿಲ್ಲ.

"ಈ ವರ್ಷದ ಗುರಿ ಏನು ಹಾಗಾದರೆ?" ಅಜ್ಜ ಬಿಡಲಿಲ್ಲ. ಎಪ್ಪತ್ತಮೂರು ವರ್ಷ ಅವರಿಗೆ. ಬೇಲಿಯ ಕಂಬದ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿ ಕಾಫಿ ಲೋಟ ಇಟ್ಟರು. ಹಾಗೆ ಲೋಟ ಇಟ್ಟರೆಂದರೆ ಅರ್ಧ ಗಂಟೆ ಗ್ಯಾರಂಟಿ. ನಾನೂ ಹಿಮ ಕೆರೆಯುವುದನ್ನು ಬಿಟ್ಟೆ.

ಗುರಿ ಹೇಳುವುದಕ್ಕೆ ಮೊದಲು ಕಳೆದ ವರ್ಷದ ಪಾಪದ ಪಟ್ಟಿ ಒಪ್ಪಿಸಬೇಕು. ಆ ಅರ್ಧ ಲೆಕ್ಕದ ಬಿಯರಿನಿಂದಲೇ ಶುರುಮಾಡುತ್ತೇನೆ. ಅದನ್ನು ನಾನು ಧೈರ್ಯ ಮಾಡಿ ಒಂದು ಸ್ಪರ್ಧೆಗೆ ಕಳಿಸಿದ್ದೆ. ಇಲ್ಲಿನ ತೀರ್ಪುಗಾರರು ಐವತ್ತಕ್ಕೆ ಅಂಕ ಹಾಕುತ್ತಾರೆ. ನನಗೆ 23 ಬಂತು. ಅವರ ಕೋಷ್ಟಕದಲ್ಲಿ 21ರಿಂದ 29ರವರೆಗೆ 'ಒಳ್ಳೆಯದು' ಎಂದು ಇರುವುದನ್ನು ನೋಡಿ ಖುಷಿಪಟ್ಟು ಹೆಂಡತಿಗೆ ತೋರಿಸಿದೆ. ಐವತ್ತಕ್ಕೆ 23 ಅಂದರೆ ನಮ್ಮ ಶಾಲೆಯಲ್ಲಿ ಏನು ಹೇಳುತ್ತಿದ್ದರು ಎಂದು ಆಕೆ ನೆನಪಿಸಿದಳು. ಕೆಳಗೆ ತೀರ್ಪುಗಾರರು ಒಂದು ಮಾತು ಬರೆದಿದ್ದರು: ಬೆಣ್ಣೆ. ನಾನು ಮಂಡ್ಯ ಸೀಮೆಯವನು. ಬೆಣ್ಣೆ ದೋಸೆಗೆಂದೇ ದಾವಣಗೆರೆಯಲ್ಲಿ ಬಸ್ಸಿಳಿದವನು. ಬೆಣ್ಣೆಯ ವಾಸನೆ ಬೈಗುಳವಾಗುವ ಒಂದು ಲೋಕವಿದೆ ಎಂದು ನನಗೇನು ಗೊತ್ತು? ಅದಕ್ಕೆ ಡೈಅಸಿಟೈಲ್ ಎಂದು ಹೆಸರಂತೆ. ಹುದುಗುವಾಗ ಯೀಸ್ಟೇ ಅದನ್ನು ಹುಟ್ಟಿಸುತ್ತದೆ, ಬಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಕೊನೆಯ ಎರಡು ಮೂರು ದಿನ ಸ್ವಲ್ಪ ಬೆಚ್ಚಗಿಟ್ಟು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದೊಂದನ್ನು ಬಿಟ್ಟು ಬಾಕಿ ಎಲ್ಲವನ್ನೂ ನಾನು ಮಾಡಿದ್ದೆ.

ಸೀರೆಯ ಪ್ರಕರಣಕ್ಕೂ ಅದೇ ಮೂಲ. ಬಿಯರ್ ಎಷ್ಟು ಹುದುಗಿದೆ ಎಂದು ನೋಡಲು ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ ಇದೆ. ಸಕ್ಕರೆ ಇದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ, ಯೀಸ್ಟ್ ಸಕ್ಕರೆ ತಿಂದಷ್ಟೂ ಕೆಳಗಿಳಿಯುತ್ತದೆ. ಎರಡು ಮೂರು ದಿನ ಒಂದೇ ಅಂಕಿ ತೋರಿಸಿದರೆ ಮಾತ್ರ ಬಾಟಲಿಗೆ ತುಂಬಬೇಕು. ನಾನು ಐದನೇ ದಿನ ಒಂದೇ ಒಂದು ಸಲ ನೋಡಿದೆ, ಇಳಿದಂತೆ ಕಂಡಿತು. ಗುಳ್ಳೆ ಬರಲೆಂದು ಬಾಟಲಿಗೆ ಬೇರೆ ಒಂದಿಷ್ಟು ಸಕ್ಕರೆ ಹಾಕುವುದು ವಾಡಿಕೆ, ಅದನ್ನೂ ಹಾಕಿ ಮುಚ್ಚಳ ಬಿಗಿದು ಬೇಸ್‌ಮೆಂಟಿನ ಕ್ಲಾಸೆಟ್ಟಿನಲ್ಲಿಟ್ಟೆ. ಒಳಗೆ ಯೀಸ್ಟಿನ ಊಟ ಇನ್ನೂ ಮುಗಿದಿರಲಿಲ್ಲ. ಮೂರನೇ ವಾರ, ರಾತ್ರಿ ಎರಡು ಗಂಟೆಗೆ ಢಂ ಎಂದಿತು. ಇನ್ನೊಂದು ಢಂ. ಅಮೆರಿಕದಲ್ಲಿ ರಾತ್ರಿ ಎರಡಕ್ಕೆ ಅಂಥ ಸದ್ದಾದರೆ ಯಾರೂ ಬಿಯರಿನ ಬಗ್ಗೆ ಯೋಚಿಸುವುದಿಲ್ಲ. ನಾವಿಬ್ಬರೂ ಮಂಚದ ಪಕ್ಕ ನೆಲಕ್ಕೆ ಒರಗಿ ಕುಳಿತೆವು. ಹನ್ನೊಂದು ಬಾಟಲಿ ಸಿಡಿದ ಮೇಲೆ ಸದ್ದು ನಿಂತಿತು. ಅದೇ ಕ್ಲಾಸೆಟ್ಟಿನಲ್ಲಿ ಹೆಂಡತಿಯ ಮೈಸೂರು ಸಿಲ್ಕಿನ ಸೂಟ್‌ಕೇಸ್ ಇತ್ತು. ಡ್ರೈ ಕ್ಲೀನಿಂಗ್ ಆದಮೇಲೂ ವರಮಹಾಲಕ್ಷ್ಮಿ ಹಬ್ಬದ ದಿನ ಕುಂಕುಮಕ್ಕೆ ಬಂದ ಹೆಂಗಸೊಬ್ಬರು, "ಏನ್ರೀ ಇದು, ಬ್ರೆಡ್ ಮಾಡ್ತಿದ್ದೀರಾ?" ಅಂದರಂತೆ.

ಇನ್ನೊಂದು ವಿನೆಗರ್ ಆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ, ಕೊಳಾಯಿ ಸರಿಯಾಗಿ ತೊಳೆದಿರಲಿಲ್ಲ. ಈ ಬ್ರೂಯಿಂಗ್ ಎನ್ನುವುದರಲ್ಲಿ ಮುಕ್ಕಾಲು ಭಾಗ ಪಾತ್ರೆ ತೊಳೆಯುವುದು, ಉಳಿದ ಕಾಲು ಭಾಗ ಅದರ ಬಗ್ಗೆ ಕೊಚ್ಚಿಕೊಳ್ಳುವುದು.

ಮೂರನೆಯದು ರಾಗಿ.

ರಾಗಿಯಲ್ಲಿ ಬಿಯರ್ ಮಾಡುವುದು ನನ್ನ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ. ಪೂರ್ವ ನೇಪಾಳ, ಸಿಕ್ಕಿಂ ಕಡೆ ತೋಂಬಾ ಎಂದು ರಾಗಿಯದ್ದೇ ಕುಡಿಯುತ್ತಾರೆ. ಹುದುಗಿದ ರಾಗಿಯನ್ನು ದೊಡ್ಡ ಲೋಟಕ್ಕೆ ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರುತ್ತಾರೆ. ಉಗಾಂಡದಲ್ಲೂ ರಾಗಿ ಹುದುಗಿಸುತ್ತಾರೆ. ರಾಗಿ ತಿಂದೇ ಬೆಳೆದ ನಾವು ಮಾತ್ರ ಮುದ್ದೆ, ಅಂಬಲಿ, ರೊಟ್ಟಿಯ ಆಚೆಗೆ ಹೋಗದೆ ಕುಳಿತೆವಲ್ಲ ಎಂಬ ಅಭಿಮಾನ ಉಕ್ಕಿತು. ಇಂಡಿಯನ್ ಅಂಗಡಿಯಿಂದ ರಾಗಿ ತಂದು, ಒಡೆದು, ಬಾರ್ಲಿ ಮಾಲ್ಟಿನ ಜೊತೆ 66 ಡಿಗ್ರಿ ನೀರಿನಲ್ಲಿ ನೆನೆಹಾಕಿದೆ. ಬಾರ್ಲಿಗೆ ಮೇಲೊಂದು ಸಿಪ್ಪೆ ಇರುತ್ತದೆ. ರಸ ಬಸಿಯುವಾಗ ಆ ಸಿಪ್ಪೆಯೇ ಜರಡಿಯಾಗಿ ನಿಲ್ಲುತ್ತದೆ. ರಾಗಿಯ ಸಿಪ್ಪೆ ಕಣದಲ್ಲೇ ಹಾರಿಹೋಗಿರುತ್ತದೆ. ನಲ್ಲಿ ತಿರುಗಿಸಿದೆ, ಒಂದು ಹನಿ ಇಳಿಯಲಿಲ್ಲ. ಸೌಟಿನ ಹಿಡಿಯಿಂದ ತಿರುವಿದೆ, ಇನ್ನೂ ಗಟ್ಟಿಯಾಯಿತು. ತಿರುವುತ್ತಾ ತಿರುವುತ್ತಾ ಕೈಗೆ ಹಳೆಯ ಅಭ್ಯಾಸ ನೆನಪಾಯಿತೋ ಏನೋ, ಗಂಟಿಲ್ಲದ ಹಾಗೆ ಕೂಡಿತು. ಹೆಂಡತಿ ಬಂದು ಪಾತ್ರೆಯೊಳಗೆ ಇಣುಕಿ, "ಸಾರು ಯಾವುದು ಮಾಡ್ಲಿ? ಉಪ್ಸಾರೋ, ಬಸ್ಸಾರೋ?" ಎಂದಳು.

ಆಮೇಲೆ ತಿಳಿಯಿತು, ಬಸಿಯಲೆಂದು ಜೊತೆಗೆ ಭತ್ತದ ಹೊಟ್ಟು ಹಾಕಬೇಕಂತೆ. ಇಲ್ಲಿ ಅದನ್ನು ಚೀಲದಲ್ಲಿ ತುಂಬಿ ಡಾಲರಿಗೆ ಮಾರುತ್ತಾರೆ. ನಮ್ಮೂರ ರೈಸ್ ಮಿಲ್ಲಿನ ಹಿಂದೆ ಅದರ ಗುಡ್ಡ ಹತ್ತಿ ಜಾರಿದವನು ಕ್ರೆಡಿಟ್ ಕಾರ್ಡ್ ಉಜ್ಜಿ ಹೊಟ್ಟು ಕೊಂಡೆ. ಹೊಟ್ಟೆ ಉರಿಯಿತು.

ಈಗ ಗುರಿ. "ಒಂದೇ ಬಿಯರು, ನಾಲ್ಕು ಸಲ" ಎಂದೆ ಅಜ್ಜನಿಗೆ. ಅವರು ಲೋಟ ಎತ್ತಿದ್ದವರು ಹಾಗೇ ನಿಂತರು.

ಇದು ಅವರೇ ಎರಡು ವರ್ಷದಿಂದ ಹೇಳುತ್ತಿದ್ದ ಮಾತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಇಂಗ್ಲಿಷರ ಸಾದಾ ಬಿಟರ್: 1.036ಕ್ಕೆ ಶುರುವಾಗಿ 1.009ಕ್ಕೆ ನಿಲ್ಲಬೇಕು, ಅಮಲು ಮೂರೂವರೆ ಶೇಕಡಾ ಅಷ್ಟೇ. ಹಣ್ಣಿಲ್ಲ, ಮಸಾಲೆಯಿಲ್ಲ, ಓಕ್ ಮರದ ಚಕ್ಕೆಯಿಲ್ಲ. ಮುಚ್ಚಿಡಲು ಏನೂ ಇಲ್ಲದ್ದರಿಂದ ಮಾಡಿದವನ ಪ್ರತಿಯೊಂದು ತಪ್ಪೂ ನಾಲಿಗೆಗೆ ತಗಲುತ್ತದೆ. ಎರಡನೆಯದು ಮೊದಲನೆಯದರ ಹಾಗೇ ಬರಬೇಕು, ನಾಲ್ಕನೆಯದು ಮೂರನೆಯದರ ಹಾಗೇ. ಹನ್ನೆರಡು ಬಗೆ ಮಾಡುವವನಿಗೆ ಈ ಭಯವಿಲ್ಲ; ಯಾವುದು ಹೇಗೆ ಬಂದರೂ ಅದು ಹಾಗೇ ಬರಬೇಕಿತ್ತು ಎಂದುಬಿಡಬಹುದು. ಅದನ್ನು ನಾನು ಐದು ವರ್ಷ ಮಾಡಿದ್ದೇನೆ. ನನ್ನ ಇನ್ನೊಂದು ಪಾರಾಗುವ ದಾರಿ ಈ ಊರಿನ ಎತ್ತರ. ಲಾಂಗ್‌ಮಾಂಟ್ ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿದೆ, ನೀರು 95 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯುವುದಿಲ್ಲ, ಹಾಪ್ಸ್ ಹೂವಿನ ಕಹಿಯೂ ಪೂರ್ತಿ ಇಳಿಯುವುದಿಲ್ಲ. ಬಿಯರ್ ಸಪ್ಪೆಯಾದಾಗಲೆಲ್ಲ ಪರ್ವತದ ಕಡೆ ಕೈ ತೋರಿಸುತ್ತಿದ್ದೆ. "ನಿನ್ನ ಬೇಲಿಗೂ ನನ್ನ ಬೇಲಿಗೂ ಎತ್ತರ ಒಂದೇ" ಎಂದು ಅಜ್ಜ ಒಂದು ದಿನ ಹೇಳಿದ ಮೇಲೆ ಬಿಟ್ಟೆ. ಒಂದು ಹಿಡಿ ಹಾಪ್ಸ್ ಹೆಚ್ಚಿಗೆ ಹಾಕಿದರಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು.

ಲೆಕ್ಕದ ಪುಸ್ತಕವೂ ಆಗಬೇಕು. ಹಾಲಿನವನ ಪುಸ್ತಕದ ಹಾಗೆ ತಾರೀಕು, ಅಳತೆ, ಶಾಖ. ಸ್ಪರ್ಧೆ ಈ ವರ್ಷ ಬೇಡ.

"ಮತ್ತೆ ರಾಗಿ?"

"ಯುಗಾದಿಗೆ."

ಇದು ನಮ್ಮವರಿಗೆ ಇರುವ ದೊಡ್ಡ ಅನುಕೂಲ. ಜನವರಿಯ ಸಂಕಲ್ಪ ಫೆಬ್ರವರಿಯಲ್ಲಿ ಸತ್ತರೆ ಇವರು ಇನ್ನೊಂದು ಜನವರಿಗೆ ಕಾಯಬೇಕು. ನಮಗೆ ಯುಗಾದಿಯಲ್ಲಿ ಮತ್ತೊಂದು ಹೊಸ ವರ್ಷ ಬರುತ್ತದೆ, ಸತ್ತದ್ದನ್ನೆಲ್ಲ ಎಬ್ಬಿಸಬಹುದು. ಮಾಲ್ಟಿನ ಸಿಹಿ, ಹಾಪ್ಸಿನ ಕಹಿ, ಬೇವುಬೆಲ್ಲದ ಹಾಗೆಯೇ ಅಲ್ಲವೇ ಎಂದು ಹೆಂಡತಿಗೆ ಹೇಳಿದಾಗ ಆಕೆ, ದೇವರ ಮುಂದೆ ಇಡುವುದನ್ನು ಬೇಸ್‌ಮೆಂಟಿಗೆ ಎಳೆಯಬೇಡಿ ಅಂದಳು. ಅಲ್ಲಿಗೆ ಬಿಟ್ಟೆ.

ಈ ಸಲ ರಾಗಿಯನ್ನು ಹಾಗೇ ಒಡೆಯುವುದಿಲ್ಲ, ಮೊದಲು ಮೊಳಕೆ ಕಟ್ಟಿ ಮಾಲ್ಟ್ ಮಾಡುತ್ತೇನೆ. ಕಾಳು ಮೊಳೆಯುವಾಗಲೇ ಅದರಲ್ಲಿ ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವಗಳು ಏಳುವುದು. ಬಾರ್ಲಿಯವರು ಅದಕ್ಕೆ ಕಾರ್ಖಾನೆ ಕಟ್ಟಿದ್ದಾರೆ: ನೆನೆಸುವುದು, ಮೊಳೆಸುವುದು, ಒಣಗಿಸುವುದು. ಪರೀಕ್ಷೆಗೆಂದು ಹೋದ ವಾರ ಒಂದು ಸೇರು ರಾಗಿ ನೆನೆಸಿ, ಒದ್ದೆ ಪಂಚೆಯಲ್ಲಿ ಕಟ್ಟಿ ಅಡುಗೆಮನೆಯಲ್ಲಿಟ್ಟಿದ್ದೆ. ಅದೇ ಹೊತ್ತಿಗೆ ಅವ್ವ ವಿಡಿಯೋ ಕಾಲ್ ಮಾಡಿತು. ಅವ್ವನ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಈಗ ಏನೂ ತಪ್ಪಿಸಿಕೊಳ್ಳುವುದಿಲ್ಲ.

"ಏನ್ಲಾ ಅದು, ಗಂಟು?"

"ರಾಗಿ ಕಣವ್ವ. ಮೊಳಕೆ ಕಟ್ಟಿವ್ನಿ."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನನ್ನು ಬಾಯಿಗೆ ಹತ್ತಿರ ತಂದು, ದನಿ ತಗ್ಗಿಸಿ, "ವಿಶೇಷವೇನ್ಲಾ?" ಅಂತು. "ಈ ವಯಸ್ನಲ್ಲಾ?"

ಮೊಳಕೆ ರಾಗಿ ಎಂದರೆ ನಮ್ಮ ಕಡೆ ಕೂಸಿಗೆ ಸರಿ ಮಾಡುವುದಕ್ಕೇ ತಾನೇ. ನನ್ನ ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಹಿಂದೆ ಪಾತ್ರೆ ಒರೆಸುತ್ತಿದ್ದ ಹೆಂಡತಿಯ ಕೈಯಿಂದ ತಟ್ಟೆ ಜಾರಿತು.

"ಅಯ್ಯೋ ಇಲ್ಲ ಕಣವ್ವ! ನಾನೇ ಕುಡಿಯಾಕೆ."

ಸುಳ್ಳು ಹೇಳಲಿಲ್ಲ, ಗಮನಿಸಿ.

"ಅಂಗನ್ನು ಮತ್ತೆ. ಮೈಯಲ್ಲಿ ಶಕ್ತಿ ಇಲ್ಲ ನಿಂಗೆ, ಯಾವತ್ತಿಂದ ಹೇಳ್ತಾವ್ನಿ" ಎಂದು ಅವ್ವ ಶುರುಮಾಡಿತು ನೋಡಿ, ನಾನು ದುಡ್ಡು ಕೊಟ್ಟು ಕೊಂಡ ಎರಡು ಪುಸ್ತಕಗಳೂ ಆ ಹತ್ತು ನಿಮಿಷಕ್ಕೆ ಸಮವಿರಲಿಲ್ಲ. ಮೂರು ನೀರಿನಲ್ಲಿ ತೊಳೆಯಬೇಕು, ತೇಲಿದ್ದು ಜೊಳ್ಳು, ಚೆಲ್ಲಬೇಕು. ಒಂದು ರಾತ್ರಿ ನೆನೆಯಬೇಕು. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಒಣಗಿರಲೂ ಬಾರದು. ಚಳಿಯಿದ್ದರೆ ಕಂಬಳಿ ಹೊದಿಸಬೇಕು. ಗಳಿಗೆಗೊಂದು ಸಲ ಬಿಚ್ಚಿ ನೋಡಬಾರದು. ಮೊಳಕೆ ಅಕ್ಕಿ ಕಾಳಿನಷ್ಟಾದರೆ ಸಾಕು, ಅದಕ್ಕಿಂತ ಬಿಟ್ಟರೆ ಕಾಳಿನ ಸತ್ವವೆಲ್ಲ ಬೇರಿಗೆ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಬೇಕು. ಕಾರ್ಖಾನೆಯವರ ಮೂರೂ ಹಂತ ಅದರಲ್ಲಿತ್ತು. ಒಂದು ಕಡೆ ಮಾತ್ರ ನನಗೂ ಅವ್ವನಿಗೂ ಹೊಂದಲಿಲ್ಲ. ಕೊನೆಗೆ ಹುರಿಯಬೇಕು ಎಂದಿತು. ಹುರಿದರೆ ಕಿಣ್ವ ಸಾಯುತ್ತದೆ, ನನ್ನ ಕೆಲಸ ಕೆಡುತ್ತದೆ.

"ಹುರೀದೆ ಇದ್ರೆ ಆಗಲ್ವೇನವ್ವ?"

"ಹಸಿವಾಸ್ನೆ ಹೊಡೀತದೆ ಕಣ್ಲಾ. ಒಂದು ಪಾಲು ಹುರಿ, ಒಂದು ಪಾಲು ಅಂಗೇ ಬಿಡು."

ಬ್ರೂವರಿಯವರೂ ಅದನ್ನೇ ಮಾಡುತ್ತಾರೆ! ಹುರಿಯದ ಮಾಲ್ಟ್ ಸಕ್ಕರೆಗೆ, ಹುರಿದದ್ದು ಬಣ್ಣಕ್ಕೆ, ಪರಿಮಳಕ್ಕೆ. ಬರೆದುಕೊಂಡೆ.

ಇದನ್ನೆಲ್ಲ ಹೇಳಿದಾಗ ಅಜ್ಜ ಬಹಳ ಹೊತ್ತು ನಕ್ಕರು. ಆಮೇಲೆ, "ಯೀಸ್ಟು?" ಎಂದರು.

"ಅಂಗಡಿಯಿಂದ ತರ್ತೀನಿ."

"ನನ್ನದು ಕೊಡ್ತೀನಿ ಅಂದೆನಲ್ಲ."

ಅವರ ಬಳಿ ಕ್ವೈಕ್ ಇದೆ. ಪಶ್ಚಿಮ ನಾರ್ವೆಯ ಹಳ್ಳಿಮನೆಗಳ ಯೀಸ್ಟು ಅದು. ಅಲ್ಲಿನವರು ಅದನ್ನು ಮರದ ಬಳೆಗಳ ಸರಕ್ಕೋ ಬಟ್ಟೆಗೋ ಹಚ್ಚಿ, ಒಣಗಿಸಿ, ಮುಂದಿನ ಸಲಕ್ಕೆಂದು ನೇತುಹಾಕಿಡುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ಅದೇ ಬರುತ್ತಿತ್ತು. ಒಂದು ಮನೆಯದು ಕೆಟ್ಟರೆ ಪಕ್ಕದ ಮನೆಯಿಂದ ತರುವುದು. ಬೇರೆ ಯೀಸ್ಟುಗಳು 20 ಡಿಗ್ರಿ ದಾಟಿದರೆ ಮುಖ ಸಿಂಡರಿಸುತ್ತವೆ, ಇದು 35ರಲ್ಲೂ ಆರಾಮಾಗಿ ಕೆಲಸ ಮಾಡುತ್ತದೆ. ಅಂದರೆ ಮಂಡ್ಯದ ಏಪ್ರಿಲ್‌ನಲ್ಲೂ ಬದುಕುವ ಪ್ರಾಣಿ. ಆದರೂ ನಾನು ಎರಡು ವರ್ಷದಿಂದ ಬೇಡ ಅನ್ನುತ್ತಿದ್ದೆ. ಪ್ರತಿ ಸಲ ಹೊಸ ಪೊಟ್ಟಣ ಒಡೆದು ಹಾಕಿ, ಮುಗಿದ ಮೇಲೆ ತಳದ ಗಸಿಯನ್ನೆಲ್ಲ ಸಿಂಕಿಗೆ ಚೆಲ್ಲಿ, ಸ್ಯಾನಿಟೈಸರಿನಲ್ಲಿ ಫಳಫಳ ತೊಳೆದಿಡುವುದೇ ಶುದ್ಧ ವಿಜ್ಞಾನ ಎಂದು ನನ್ನ ನಂಬಿಕೆ. ಅಲ್ಲದೆ, ಸ್ವಂತ ಬಿಯರ್ ಅಂದಮೇಲೆ ಪಕ್ಕದ ಮನೆಯ ಹಂಗೇಕೆ? "ನೋಡೋಣ" ಎಂದೆ. ಅವರು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ನಿನ್ನೆ ಸಂಜೆ ಅವ್ವನ ಫೋನು ಮತ್ತೆ ಬಂತು.

"ರಾಗಿ ಒಣಗ್ತಾ?"

"ಒಣಗ್ತು ಕಣವ್ವ."

"ಎಷ್ಟು ದಿನ ಹುಳಿ ಬರಿಸ್ತೀಯ?"

ನನಗೆ ಮಾತು ಹೊರಡಲಿಲ್ಲ. ಹೆಂಡತಿಯ ಮುಖ ನೋಡಿದೆ. ಆಕೆ ಬಹಳ ಶ್ರದ್ಧೆಯಿಂದ ಕೊತ್ತಂಬರಿ ಬಿಡಿಸತೊಡಗಿದಳು.

"ಚಿಕ್ಕಪ್ಪ ಹೇಳ್ತಾ?"

"ಅವನೇನ್ ಹೇಳದು? ನಮ್ಮಪ್ಪ ಈಚಲು ಮರ ಇಳಿಸ್ತಿದ್ದಾಗ ಮಡಕೆ ತೊಳೀತಿದ್ದೋಳು ನಾನು. ಹುರೀದೆ ಇದ್ರೆ ಆಗಲ್ವಾ ಅಂದೆಯಲ್ಲ, ಅವತ್ತೇ ಗೊತ್ತಾಯ್ತು." ಅವ್ವನಿಗೆ ಬೇಜಾರಾಗಿತ್ತೋ ನಗು ಬರುತ್ತಿತ್ತೋ ದನಿಯಲ್ಲಿ ತಿಳಿಯಲಿಲ್ಲ. "ಮಡಕೆ ಪೂರ್ತಿ ತೊಳ್ದ್ಬುಟ್ರೆ ನಮ್ಮಪ್ಪ ಬಯ್ಯೋನು. ತಳದಲ್ಲಿ ಒಸಿ ಗಸಿ ಬಿಡವ್ವ, ಅದಿಲ್ದಿದ್ರೆ ನಾಳೆದು ಏಳಕ್ಕೆ ಮಧ್ಯಾಹ್ನ ಆಯ್ತದೆ ಅನ್ನೋನು. ನೀನು ಗಸಿ ಮಡಿಕಂಡಿದ್ದೀಯಾ?"

"ಇಲ್ಲ ಕಣವ್ವ. ತೊಳೆದುಬಿಟ್ಟೆ."

"ಎಲ್ಲಾನೂವೆ?"

"ಎಲ್ಲಾನೂ."

"ಅಕ್ಕಪಕ್ಕದ ಮನೇಲಾದ್ರೂ ಇದ್ದದಾ ಕೇಳು ಮತ್ತೆ."

ಜಾಕೆಟ್ ಹಾಕಿಕೊಂಡು ಹಿತ್ತಲಿಗೆ ಹೋದೆ. ಗ್ಯಾರೇಜಿನಲ್ಲಿ ಬೆಳಕಿತ್ತು, ಅಜ್ಜ ಏನನ್ನೋ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಬೇಲಿಯ ಹತ್ತಿರ ಹೋಗಿ ಕರೆಯಬೇಕು ಎನ್ನುವಷ್ಟರಲ್ಲಿ ತಿರುಗಿ ನೋಡಿದರೆ ನಮ್ಮ ಮನೆಯ ಕಿಟಕಿಯಲ್ಲಿ ಹೆಂಡತಿ ಆಗಲೇ ದೇವರ ದೀಪ ಹಚ್ಚಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಲೂ ಬಾರದು. ನಾರ್ವೆಯ ಹೆಪ್ಪಿಗೂ ಅದು ಅನ್ವಯಿಸುತ್ತದೆಯೇ ಎಂದು ಅವ್ವನನ್ನು ಕೇಳಬಹುದಿತ್ತು, ಅಲ್ಲಿ ಬೆಳಗಾಗಿತ್ತು. ಕೇಳಲಿಲ್ಲ. ಬೆಳಿಗ್ಗೆ ಬರೋಣ ಅಂತ ಒಂದು ತೊಳೆದ ಗಾಜಿನ ಸೀಸೆಯನ್ನು ಬೇಲಿ ಕಂಬದ ಮೇಲೆ ಬೋರಲು ಹಾಕಿ ಒಳಗೆ ಬಂದೆ.